ಒಂದೇ ಶಿಕ್ಷಣ ಜಿಲ್ಲೆ, ಹಲವು ಹೈಸ್ಕೂಲುಗಳು: ಕಾಸರಗೋಡಿನ ಕನ್ನಡ ಪ್ರೌಢಶಾಲೆಗಳ ಒಂದು ತುಲನೆ

ಪ್ರತಿ ವರ್ಷ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಏಳನೆಯ ತರಗತಿ ಮುಗಿಸಿದ ಮಗುವನ್ನು ಯಾವ ಹೈಸ್ಕೂಲಿಗೆ ಸೇರಿಸುವುದು? ಹತ್ತಿರದ ಸರಕಾರಿ ಶಾಲೆಯೋ, ಅಜ್ಜ ಕಲಿತ ಅನುದಾನಿತ ಶಾಲೆಯೋ, ಬಸ್ಸು ಮನೆಯಂಗಳಕ್ಕೆ ಬರುವ ಇಂಗ್ಲಿಷ್ ಶಾಲೆಯೋ? ಈ ಪ್ರಶ್ನೆಗೆ ಉತ್ತರ ಹೇಳುವವರು ಸಾಮಾನ್ಯವಾಗಿ ಹತ್ತನೆಯ ತರಗತಿಯ ಫಲಿತಾಂಶದ ಪಟ್ಟಿಯನ್ನು ಮುಂದಿಡುತ್ತಾರೆ. ಶಾಲೆಗಳನ್ನು ಹೋಲಿಸುವುದು ತಪ್ಪಲ್ಲ. ಮಕ್ಕಳ ಹಿತವನ್ನು ಬಯಸುವವರೆಲ್ಲರೂ ಹೋಲಿಸಲೇಬೇಕು. ಆದರೆ ಯಾವ ಅಳತೆಗೋಲಿನಿಂದ ಎಂಬುದು ಮುಖ್ಯ. ಒಂದೊಂದು ಶಾಲೆಯೂ ಯಾರ ಕೈಯಿಂದ, ಯಾವ ಅಗತ್ಯಕ್ಕಾಗಿ ಹುಟ್ಟಿತು, ಕಾಲದ ಪೆಟ್ಟನ್ನು ಹೇಗೆ ತಾಳಿಕೊಂಡಿತು ಎಂಬುದನ್ನು ಅರಿಯದೆ ಮಾಡುವ ಹೋಲಿಕೆ ಅರ್ಧ ಹೋಲಿಕೆಯೇ ಸರಿ. ಸಮ್ಮೇಳನದ ಈ ಸಂಚಿಕೆಯಲ್ಲಿ ನಾವು ಆ ಉಳಿದರ್ಧವನ್ನು ತುಂಬಲು ಯತ್ನಿಸಿದ್ದೇವೆ.

ಕಾಸರಗೋಡು ಕಂದಾಯ ಜಿಲ್ಲೆಯಲ್ಲಿ ಎರಡು ಶಿಕ್ಷಣ ಜಿಲ್ಲೆಗಳಿವೆ. ದಕ್ಷಿಣದಲ್ಲಿ ಕಾಞಂಗಾಡು, ಉತ್ತರದಲ್ಲಿ ಕಾಸರಗೋಡು. ಉತ್ತರದ ಶಿಕ್ಷಣ ಜಿಲ್ಲೆಯಲ್ಲಿ ಮಂಜೇಶ್ವರ, ಕುಂಬಳೆ, ಕಾಸರಗೋಡು ಎಂಬ ಮೂರು ಉಪಜಿಲ್ಲೆಗಳು. ಕನ್ನಡ ಮಾಧ್ಯಮದ ಹೈಸ್ಕೂಲುಗಳು ಹೆಚ್ಚಾಗಿ ಇರುವುದು ಇಲ್ಲಿಯೇ. ಈ ನೆಲ ಏಳು ಭಾಷೆಗಳ ಸಂಗಮಭೂಮಿ ಎಂದು ಹೆಸರಾದುದು. ಮನೆಯಲ್ಲಿ ತುಳು, ಹವಿಗನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಗಣಿತ ಕಲಿತ ತರಗತಿಗಳು ನಮ್ಮವು. ಕನ್ನಡ ಇಲ್ಲಿ ಬಹುಮಂದಿಗೆ ಮನೆಮಾತಿಗಿಂತ ಮಿಗಿಲಾಗಿ ಶಾಲೆಯ ಮಾತು, ಓದಿನ ಮಾತು. ಆದುದರಿಂದಲೇ ಶಾಲೆ ಬಾಗಿಲು ಮುಚ್ಚಿದರೆ ಇಲ್ಲಿ ಕನ್ನಡಕ್ಕೆ ಇನ್ನೊಂದು ಆಸರೆ ಸುಲಭವಾಗಿ ದೊರೆಯುವುದಿಲ್ಲ.

ಮೂರು ಕೈಗಳು ಕಟ್ಟಿದ ಶಾಲೆಗಳು

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಬೇಕಲ ತಾಲೂಕಿನ ಸ್ಥಾನದಲ್ಲಿ ಕಾಸರಗೋಡು ತಾಲೂಕು ರೂಪುಗೊಂಡುದೂ ಆ ಕಾಲದಲ್ಲೇ. ಜಿಲ್ಲೆಯ ಕೇಂದ್ರ ಮಂಗಳೂರು. ವಿದ್ಯೆಯ ಕೇಂದ್ರವೂ ಅದೇ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಮುದ್ರಣಾಲಯ, ಶಾಲೆ, ಪಠ್ಯಪುಸ್ತಕಗಳು ಈ ಕರಾವಳಿಯಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಆರಂಭಿಸಿದರು. ಚಂದ್ರಗಿರಿಯ ಉತ್ತರದ ಹಳ್ಳಿಗಳಿಂದ ಮೇಲಿನ ವಿದ್ಯೆ ಬಯಸಿದವರು ದೋಣಿ, ಎತ್ತಿನ ಗಾಡಿ, ಕಾಲ್ನಡಿಗೆಗಳಲ್ಲಿ ಮಂಗಳೂರನ್ನು ಸೇರಬೇಕಾಗಿತ್ತು. 1907ರಲ್ಲಿ ರೈಲುಹಳಿ ಮಂಗಳೂರನ್ನು ಮುಟ್ಟಿದ ಬಳಿಕ ದಾರಿ ಹತ್ತಿರವಾಯಿತು, ಆದರೆ ಖರ್ಚು ಹತ್ತಿರವಾಗಲಿಲ್ಲ. ಪೇಟೆಯಲ್ಲಿ ಊಟ, ವಸತಿಗೆ ಅನುಕೂಲ ಇದ್ದವರ ಮನೆಯ ಗಂಡುಮಕ್ಕಳಷ್ಟೇ ಹೈಸ್ಕೂಲು ಕಂಡರು.

ಈ ಕೊರತೆಯನ್ನು ತುಂಬಲು ಮುಂದೆ ಬಂದವರು ಮೂರು ಬಗೆಯವರು. ಮೊದಲನೆಯದು ಮಿಶನ್. ಕಾಸರಗೋಡು ಪೇಟೆಯ ಬಿ.ಇ.ಎಂ. ಹೈಸ್ಕೂಲಿನ ಹೆಸರಿನಲ್ಲೇ ಬಾಸೆಲ್ ಇವಾಂಜೆಲಿಕಲ್ ಮಿಶನ್ನಿನ ನೆನಪು ಇದೆ. ಮಿಶನ್ ಶಾಲೆಗಳ ಗುಣ ಶಿಸ್ತು, ದಿನಚರಿ, ಜಾತಿ ನೋಡದೆ ಬೆಂಚು ಕೊಡುವ ಪದ್ಧತಿ. ಅದರ ಹಿಂದೆ ಮತಪ್ರಚಾರದ ಉದ್ದೇಶ ಇದ್ದುದೂ ನಿಜ. ಆ ಉದ್ದೇಶಕ್ಕೆ ಅಂಜಿದ ಊರವರು ತಮ್ಮದೇ ಶಾಲೆಗಳನ್ನು ಕಟ್ಟಲು ಹೊರಟುದೂ ಈ ಕರಾವಳಿಯ ಚರಿತ್ರೆಯ ಒಂದು ಅಂಗವೇ.

ಎರಡನೆಯದು ಊರ ಮಹಾಜನರ, ದೇವಸ್ಥಾನಗಳ ಕೈ. ನೀರ್ಚಾಲಿನಲ್ಲಿ 1911ರಲ್ಲಿ ಖಂಡಿಗೆ ಶಂಭು ಭಟ್ಟರು ಸ್ಥಾಪಿಸಿದ ಪೆರಡಾಲ ಮಹಾಜನ ಸಂಸ್ಕೃತ ಕಾಲೇಜು ಇದಕ್ಕೆ ಒಳ್ಳೆಯ ನಿದರ್ಶನ. ಅಡಿಕೆ ತೋಟಗಳ ನಡುವೆ ಸಂಸ್ಕೃತ ಪಾಠಶಾಲೆಯಾಗಿ ಬೇರುಬಿಟ್ಟ ಸಂಸ್ಥೆ ಕಾಲಕ್ರಮದಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲಾಗಿ ಬೆಳೆಯಿತು. ಇಂದಿಗೂ ಆ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಮಂಜೇಶ್ವರದಲ್ಲಿ ಶ್ರೀಮದ್ ಅನಂತೇಶ್ವರ ದೇವಸ್ಥಾನದ ಹೆಸರಿನ ಎಸ್.ಎ.ಟಿ. ಹೈಸ್ಕೂಲು, ಅಗಲ್ಪಾಡಿಯಲ್ಲಿ ಅನ್ನಪೂರ್ಣೇಶ್ವರಿಯ ಹೆಸರಿನ ಹೈಸ್ಕೂಲು, ಧರ್ಮತ್ತಡ್ಕದಲ್ಲಿ ದುರ್ಗಾಪರಮೇಶ್ವರಿಯ ಹೆಸರಿನದು, ಪೆರ್ಲದಲ್ಲಿ ಸತ್ಯನಾರಾಯಣನ ಹೆಸರಿನದು, ಮೀಯಪದವಿನಲ್ಲಿ ವಿದ್ಯಾವರ್ಧಕ. ಹೆಸರುಗಳನ್ನು ಓದುತ್ತ ಹೋದರೆ ಊರಿನ ಭಕ್ತಿಯೂ ವಿದ್ಯೆಯ ಹಂಬಲವೂ ಒಂದೇ ಕಡೆ ಕೂಡಿದುದು ಕಾಣುತ್ತದೆ. ಬದಿಯಡ್ಕದ ಬಳಿಯ ಪೆರಡಾಲ ನವಜೀವನ ಹೈಸ್ಕೂಲಿನ ಹೆಸರಿನಲ್ಲಿ ಮಾತ್ರ ದೇವರಿಗಿಂತ ದೇಶ ಮುಂದಾಗಿದೆ. ಗಾಂಧಿಯುಗದ ಉಸಿರು ಆ ಹೆಸರಿನಲ್ಲಿದೆ.

ಮೂರನೆಯದು ಬೋರ್ಡಿನ ಕೈ. 1884ರ ಮದರಾಸು ಸ್ಥಳೀಯ ಬೋರ್ಡುಗಳ ಕಾಯಿದೆಯಂತೆ ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳು ಹುಟ್ಟಿ, ರಸ್ತೆ, ಆಸ್ಪತ್ರೆಗಳೊಂದಿಗೆ ಶಾಲೆಗಳನ್ನೂ ನಡೆಸತೊಡಗಿದವು. ನಮ್ಮ ಹಿರಿಯರು ಈಗಲೂ ಸರಕಾರಿ ಶಾಲೆಯನ್ನು ‘ಬೋರ್ಡು ಶಾಲೆ’ ಎನ್ನುವುದುಂಟು. ಮಿಶನ್ ತಲಪದ, ಕೊಡುಗೈ ದೊರೆಗಳಿಲ್ಲದ ಊರುಗಳಿಗೆ ಶಾಲೆ ಬಂದುದು ಈ ದಾರಿಯಿಂದ. ಕಾಸರಗೋಡು, ಕುಂಬಳೆ, ಮಂಗಲ್ಪಾಡಿ, ಬೇಕೂರು, ಪೈವಳಿಕೆ, ಆದೂರು, ಮುಳ್ಳೇರಿಯ, ಅಂಗಡಿಮೊಗರುಗಳ ಇಂದಿನ ಸರಕಾರಿ ಶಾಲೆಗಳನ್ನು ನೋಡಿ: ಶುಲ್ಕ ಕೊಡಲಾರದವನ ಮಗಳೂ, ಬೀಡಿ ಕಟ್ಟುವವಳ ಮಗನೂ ನಡೆದು ತಲಪಬಹುದಾದ ದೂರದಲ್ಲಿ ಒಂದು ಹೈಸ್ಕೂಲು ಇರಬೇಕೆಂಬ ತತ್ತ್ವವೇ ಅವುಗಳ ಬುನಾದಿ.

ಹೀಗೆ ಹುಟ್ಟಿನಲ್ಲೇ ಮೂರು ಬಗೆ. ಮಿಶನ್ ಶಾಲೆಯ ಬಲ ವ್ಯವಸ್ಥೆ. ಮಹಾಜನರ ಶಾಲೆಯ ಬಲ ಊರಿನ ಮಮತೆ. ಬೋರ್ಡು ಶಾಲೆಯ ಬಲ ಎಲ್ಲರಿಗೂ ತೆರೆದ ಬಾಗಿಲು. ದೋಷಗಳೂ ಈ ಬಲಗಳ ಬೆನ್ನಿಗೇ ಇದ್ದವು. ಮಹಾಜನರ ಶಾಲೆ ಒಮ್ಮೊಮ್ಮೆ ಕೆಲವೇ ಮನೆತನಗಳ ಶಾಲೆಯಾಗಿ ಕಂಡಿತು. ಬೋರ್ಡು ಶಾಲೆ ಒಮ್ಮೊಮ್ಮೆ ಯಾರದೂ ಅಲ್ಲದ ಶಾಲೆಯಾಗಿ, ಸೋರುವ ಮಾಡನ್ನು ಸರಿಪಡಿಸಲು ಮೇಲಿನ ಅಪ್ಪಣೆಗೆ ಕಾದು ಕುಳಿತಿತು.

1956ರ ಬಳಿಕ

1956ರ ನವೆಂಬರ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆ ದಿನದ ನೋವನ್ನು ಇಲ್ಲಿ ಮತ್ತೆ ವಿಸ್ತರಿಸಬೇಕಾಗಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿದುದೂ, ಆ ಮಾತು ಕಾಗದದಲ್ಲೇ ಉಳಿದುದೂ ನಮ್ಮ ಸಂಘದ ಸದಸ್ಯರಿಗೆಲ್ಲ ತಿಳಿದ ವಿಷಯ. ನಮ್ಮ ಪ್ರಶ್ನೆ ಬೇರೆ: ಗಡಿ ಸರಿದಾಗ ಶಾಲೆಯ ಒಳಗೆ ಏನಾಯಿತು?

ಮದರಾಸಿನ ‘ಫಾರಂ’ಗಳ ಲೆಕ್ಕ ಹೋಗಿ ಎಂಟು, ಒಂಬತ್ತು, ಹತ್ತರ ಲೆಕ್ಕ ಬಂದಿತು. ಮಂಗಳೂರಿನತ್ತ ಮುಖಮಾಡಿದ್ದ ಶಾಲೆಯ ಕಡತಗಳು ತಿರುವನಂತಪುರದತ್ತ ತಿರುಗಿದವು. ಪಠ್ಯಪುಸ್ತಕ ಕನ್ನಡದಲ್ಲೇ ಬಂದರೂ ಅದರೊಳಗಿನ ಊರು, ನದಿ, ಅರಸರು ಬೇರೆಯಾದರು. ಸುತ್ತೋಲೆ ಮಲಯಾಳದಲ್ಲಿ ಬರತೊಡಗಿತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಅನುಕೂಲವನ್ನು ಹೇಳುತ್ತದೆ. ಹೈಸ್ಕೂಲಿನ ಹಂತದ ಮಾತನ್ನು ಅದು ಎತ್ತುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿತು. ಇವೆರಡರ ನಡುವಿನ ಜಾಗದಲ್ಲಿ, ಕಾನೂನಿನ ಪೂರ್ಣ ಆಸರೆಯಿಲ್ಲದೆ, ನಮ್ಮ ಹೈಸ್ಕೂಲುಗಳು ಕನ್ನಡವನ್ನು ನಡೆಸಿಕೊಂಡು ಬಂದುವು. ಅದನ್ನು ನಡೆಸಿದವರು ಅಧ್ಯಾಪಕರು.

ಅವರಲ್ಲಿ ಒಬ್ಬರ ಹೆಸರನ್ನು ಹೇಳದೆ ಮುಂದುವರಿಯಲಾಗದು. ಕವಿ ಕೈಯಾರ ಕಿಞ್ಞಣ್ಣ ರೈಗಳು ನೀರ್ಚಾಲಿನ ಸಂಸ್ಕೃತ ಕಾಲೇಜಿನಲ್ಲಿ ಕಲಿತವರು, ಪೆರಡಾಲ ನವಜೀವನ ಹೈಸ್ಕೂಲಿನಲ್ಲಿ ದೀರ್ಘಕಾಲ ಕಲಿಸಿದವರು. 1969ರಲ್ಲಿ ಅವರಿಗೆ ಶ್ರೇಷ್ಠ ಅಧ್ಯಾಪಕರಿಗೆ ಸಲ್ಲುವ ರಾಷ್ಟ್ರ ಪ್ರಶಸ್ತಿ ಸಂದಿತು. ಒಂದೇ ಹೋಬಳಿಯ ಎರಡು ಶಾಲೆಗಳು, ಒಂದು ಅವರನ್ನು ಬೆಳೆಸಿತು, ಇನ್ನೊಂದನ್ನು ಅವರು ಬೆಳೆಸಿದರು. ಶಾಲೆಗಳ ತುಲನೆಯಲ್ಲಿ ಇಂಥ ಲೆಕ್ಕಕ್ಕೆ ಯಾವ ಪಟ್ಟಿಯಲ್ಲೂ ಅಂಕಣವಿಲ್ಲ.

ಸರಕಾರಿ, ಅನುದಾನಿತ: ಎರಡು ದಾರಿ

ಕೇರಳದ ಶಾಲೆಗಳನ್ನು ಅರಿಯಲು 1958ರ ಶಿಕ್ಷಣ ಕಾಯಿದೆಯನ್ನು ಅರಿಯಬೇಕು. ಜೋಸೆಫ್ ಮುಂಡಶ್ಶೇರಿಯವರು ಶಿಕ್ಷಣ ಮಂತ್ರಿಗಳಾಗಿದ್ದಾಗ ರೂಪುಗೊಂಡ ಈ ಕಾಯಿದೆಯ ಮಸೂದೆ ರಾಷ್ಟ್ರಪತಿಗಳ ಮೂಲಕ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೂ ಹೋಗಿ ಬಂದಿತು. ಅನುದಾನಿತ ಶಾಲೆಯ ಅಧ್ಯಾಪಕನಿಗೆ ಸರಕಾರವೇ ನೇರವಾಗಿ ಸಂಬಳ ಕೊಡುವ ವ್ಯವಸ್ಥೆ ನೆಲೆಗೊಂಡುದು ಇದರಿಂದ. ಮೇನೇಜರನ ಮರ್ಜಿಗೆ ಕಾಯುತ್ತಿದ್ದ ಅಧ್ಯಾಪಕ ತಲೆಯೆತ್ತಿ ನಿಂತನು. ಲೋಕಸೇವಾ ಆಯೋಗದ ಪಟ್ಟಿಯಿಂದಲೇ ಅನುದಾನಿತ ಶಾಲೆಗಳಿಗೂ ಅಧ್ಯಾಪಕರನ್ನು ಆರಿಸಬೇಕೆಂಬ ನಿಯಮವೂ ಮೂಲ ಕಾಯಿದೆಯಲ್ಲಿತ್ತು. ಅದರ ಸುತ್ತ ದೊಡ್ಡ ಚಳವಳಿ ಎದ್ದು, 1959ರಲ್ಲಿ ಸರಕಾರವೇ ವಜಾ ಆಗಿ, 1960ರ ತಿದ್ದುಪಡಿಯಿಂದ ನೇಮಕದ ಹಕ್ಕು ಮೇನೇಜರರ ಬಳಿಯೇ ಉಳಿಯಿತು.

ತಿರುವನಂತಪುರದಲ್ಲಿ ನಡೆದ ಈ ಜಗಳ ನಮ್ಮ ಕನ್ನಡ ತರಗತಿಗಳ ಪಾಲಿಗೆ ಏನಾಯಿತೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ನೇಮಕ ಊರಿನ ಕೈಯಲ್ಲಿ ಉಳಿದುದರಿಂದ ಅನುದಾನಿತ ಶಾಲೆಗಳಲ್ಲಿ ಕನ್ನಡ ಬಲ್ಲ, ಊರಿನ ತುಳುವನ್ನೂ ಬಲ್ಲ ಅಧ್ಯಾಪಕರು ತಲೆಮಾರಿನಿಂದ ತಲೆಮಾರಿಗೆ ದೊರೆತರು. ಅದೇ ಶಾಲೆಯಲ್ಲಿ ಕಲಿತವನು ಅದೇ ಶಾಲೆಗೆ ಮಾಸ್ತರನಾಗಿ ಬಂದನು. ಸರಕಾರಿ ಶಾಲೆಗೆ ಅಧ್ಯಾಪಕ ಬರುವುದು ಲೋಕಸೇವಾ ಆಯೋಗದ ಮೂಲಕ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಪ್ರತ್ಯೇಕ ವಿಭಾಗವಿದ್ದರೂ, ಕನ್ನಡ ಸರಿಯಾಗಿ ಬಾರದವರು ಆ ಹುದ್ದೆಗೆ ನೇಮಕಗೊಂಡ ಪ್ರಕರಣಗಳು ಈಚಿನ ವರ್ಷಗಳಲ್ಲಿ ನಡೆದುವು. ಮಕ್ಕಳೇ ತರಗತಿಯಿಂದ ಹೊರಬಂದು ಪ್ರತಿಭಟಿಸಿದರು. ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಗಣಿತದ ಪಾಠವನ್ನು ತನಗೆ ಅರ್ಥವಾಗದ ಭಾಷೆಯಲ್ಲಿ ಕೇಳಿದ ಮಗು ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದರೆ, ಆ ಅಂಕ ಶಾಲೆಯ ಗುಣವನ್ನು ಹೇಳುತ್ತದೆಯೇ, ನೇಮಕದ ಗುಣವನ್ನು ಹೇಳುತ್ತದೆಯೇ?

ಆದರೂ ಅನುದಾನಿತ ಶಾಲೆ ಮೇಲು, ಸರಕಾರಿ ಶಾಲೆ ಕೀಳು ಎಂದು ಇದರಿಂದ ತೀರ್ಮಾನಿಸಲಾಗದು. ಮೇನೇಜರರ ನೇಮಕದಲ್ಲಿ ಅರ್ಹತೆಗೆ ಬದಲು ಹಣ ಮಾತಾಡುತ್ತದೆ ಎಂಬ ಆಕ್ಷೇಪ ಕೇರಳದಾದ್ಯಂತ ಹಳೆಯದು. ನಾವು ಕನ್ನಡದವರು ಅದಕ್ಕೆ ಹೊರತಾಗಿದ್ದೇವೆ ಎಂದು ಎದೆ ತಟ್ಟಿ ಹೇಳುವಂತಿಲ್ಲ. ಸರಕಾರಿ ಶಾಲೆಗೆ 2017ರಲ್ಲಿ ಆರಂಭವಾದ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞದಿಂದ ಹೊಸ ಕಟ್ಟಡ, ಹೈಟೆಕ್ ತರಗತಿಗಳು ಬಂದುವು. ಬಡವರ, ಪರಿಶಿಷ್ಟರ, ಹೊರಗಿನಿಂದ ಕೆಲಸಕ್ಕೆ ಬಂದವರ ಮಕ್ಕಳಿಗೆ ಅಲ್ಲಿ ಬಾಗಿಲು ಇಂದಿಗೂ ಅಗಲವಾಗಿದೆ. ಕನ್ನಡ, ಮಲಯಾಳ ಎರಡೂ ವಿಭಾಗಗಳಿರುವ ಸರಕಾರಿ ಶಾಲೆಯ ಮಗು ಆಟದ ಬಯಲಲ್ಲಿ ಮಲಯಾಳವನ್ನು ತಾನಾಗಿ ಕಲಿಯುತ್ತದೆ. ಈ ರಾಜ್ಯದಲ್ಲಿ ಬಾಳಬೇಕಾದ ಮಗುವಿಗೆ ಅದು ಸಣ್ಣ ಲಾಭವಲ್ಲ.

ಫಲಿತಾಂಶದ ಪಟ್ಟಿ ಹೇಳದ ಮಾತು

ಇನ್ನು ಪಟ್ಟಿಯ ವಿಚಾರ. ಕೇರಳದ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ 2023ರಲ್ಲಿ ಶೇ. 99.70, 2024ರಲ್ಲಿ ಶೇ. 99.69 ಮಂದಿ ತೇರ್ಗಡೆಯಾದರು. ನೂರರಲ್ಲಿ ಒಬ್ಬನೂ ಸೋಲದ ಪರೀಕ್ಷೆಯ ಶೇಕಡಾವಾರು ಲೆಕ್ಕ ಶಾಲೆ ಶಾಲೆಗಳ ನಡುವಿನ ಅಂತರವನ್ನು ಹೇಗೆ ತೋರಿಸೀತು? ಹಾಗಾಗಿ ಊರವರು ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದವರ ಸಂಖ್ಯೆಯನ್ನು ಹಿಡಿದರು. ಫ್ಲೆಕ್ಸುಗಳಲ್ಲಿ ಮಕ್ಕಳ ಮುಖಗಳು ಬಂದವು. ಈ ಸಂಖ್ಯೆಯೂ ಪೂರ್ಣ ನ್ಯಾಯದ್ದಲ್ಲ. ಮನೆಯಲ್ಲಿ ಓದಿದ ತಾಯಿ, ಸಂಜೆಗೆ ಟ್ಯೂಷನ್ನು ಇರುವ ಮಕ್ಕಳು ಹೆಚ್ಚಾಗಿ ಸೇರುವ ಶಾಲೆಯಲ್ಲಿ ಎ ಪ್ಲಸ್ ಹೆಚ್ಚುತ್ತದೆ. ಎಂಟನೆಯ ತರಗತಿಗೆ ಬಂದಾಗ ತಪ್ಪಿಲ್ಲದೆ ಒಂದು ವಾಕ್ಯ ಬರೆಯಲಾರದಿದ್ದ ಹುಡುಗ ಹತ್ತು ಮುಗಿಸುವಾಗ ಒಂದು ಅರ್ಜಿಯನ್ನು ಸ್ವಂತವಾಗಿ ಬರೆಯುವಂತಾದರೆ, ಆ ಶಾಲೆ ಮಾಡಿದ ಕೆಲಸ ದೊಡ್ಡದು. ಶಾಲೆಯನ್ನು ಅಳೆಯಬೇಕಾದುದು ಮಗು ಎಲ್ಲಿಂದ ಹೊರಟು ಎಲ್ಲಿಗೆ ತಲಪಿತೆಂಬ ದೂರದಿಂದ.

ಇನ್ನೂ ಒಂದು ಅಳತೆಯಿದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ, ಕನ್ನಡ ಭಾಷಣ, ಕನ್ನಡ ಪದ್ಯಪಠಣ ಇವು ಸ್ಪರ್ಧೆಯ ವಿಷಯಗಳಾಗಿವೆ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲಿಯೇ ನಡೆಯಿತು. ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯ ಮಕ್ಕಳು ಗೆಜ್ಜೆ ಕಟ್ಟಿ ರಾಜ್ಯದ ವೇದಿಕೆಗೆ ಹೋಗುವುದು ನಮಗೆ ಹೆಮ್ಮೆಯ ಸಂಗತಿ. ಯಾವ ಶಾಲೆಯಲ್ಲಿ ಅಂಥ ತಂಡವಿದೆಯೋ ಅಲ್ಲಿ ಸಂಜೆಯ ಹೊತ್ತು ಸಂಬಳದ ಲೆಕ್ಕವಿಡದೆ ನಿಲ್ಲುವ ಒಬ್ಬ ಅಧ್ಯಾಪಕನಿದ್ದಾನೆ ಎಂದು ತಿಳಿಯಬಹುದು.

ಆರನೆಯ ಕೆಲಸದ ದಿನ

ನಮ್ಮ ಶಾಲೆಗಳ ಭವಿಷ್ಯ ತೀರ್ಮಾನವಾಗುವುದು ಮಾರ್ಚಿನ ಪರೀಕ್ಷೆಯಲ್ಲಿ ಅಲ್ಲ, ಜೂನಿನ ಮೊದಲ ವಾರದಲ್ಲಿ. ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಆ ಸಂಖ್ಯೆಯ ಮೇಲೆ ಡಿವಿಷನ್ನು, ಡಿವಿಷನ್ನಿನ ಮೇಲೆ ಅಧ್ಯಾಪಕರ ಹುದ್ದೆ. ಕೆಲವೇ ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ನು ಹೋಯಿತು. ಡಿವಿಷನ್ನಿನೊಂದಿಗೆ ಹುದ್ದೆ ಹೋಯಿತು. ಹುದ್ದೆ ಹೋದ ಶಾಲೆಗೆ ಮರುವರ್ಷ ಮಕ್ಕಳನ್ನು ಕಳುಹಿಸಲು ಹೆತ್ತವರು ಅಂಜುತ್ತಾರೆ. ಹೋದ ಡಿವಿಷನ್ನು ಮರಳಿ ಬರುವುದು ಅಪರೂಪ. 2018ರಲ್ಲಿ ರಿಷಬ್ ಶೆಟ್ಟಿಯವರು ಕಾಸರಗೋಡಿನ ಮುಚ್ಚುತ್ತಿರುವ ಸರಕಾರಿ ಕನ್ನಡ ಪ್ರಾಥಮಿಕ ಶಾಲೆಯ ಕತೆಯನ್ನು ಚಲನಚಿತ್ರ ಮಾಡಿದಾಗ ನಾವೆಲ್ಲ ನಕ್ಕೆವು, ಚಪ್ಪಾಳೆ ತಟ್ಟಿದೆವು. ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂದಿತು. ಮರುವರ್ಷದ ಜೂನಿನಲ್ಲಿ ಎಷ್ಟು ಮನೆಗಳು ತಮ್ಮ ಮಗುವನ್ನು ಕನ್ನಡ ವಿಭಾಗಕ್ಕೆ ಸೇರಿಸಿದುವು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

2017ರಲ್ಲಿ ಮಲಯಾಳವನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾನೂನು ಬಂದಾಗ ಕನ್ನಡಿಗರು ಬೀದಿಗಿಳಿದರು. ಅದು ಆಗಬೇಕಾದ ಕಾರ್ಯವೇ. ಆದರೆ ಯಾವ ಕಾನೂನೂ ಒತ್ತಾಯಿಸದಿದ್ದರೂ, ಯಾವ ಅಧಿಕಾರಿಯೂ ಹೇಳದಿದ್ದರೂ, ನಮ್ಮ ಮಕ್ಕಳಲ್ಲಿ ಹಲವರು ಕನ್ನಡ ವಿಭಾಗವನ್ನು ಬಿಟ್ಟು ಇಂಗ್ಲಿಷ್ ವಿಭಾಗಕ್ಕೆ ಸರಿದರು. ಭಾಷಣ ಮಾಡಿದವರ ಮನೆಯ ಮಕ್ಕಳೂ ಅವರಲ್ಲಿದ್ದಾರೆ. ಈ ಲೇಖನವನ್ನು ಬರೆಯುತ್ತಿರುವ ನಮ್ಮ ಮನೆಗಳೂ ಅದಕ್ಕೆ ಹೊರತಲ್ಲ. ಹೆತ್ತವರ ಅಂಜಿಕೆಯನ್ನು ನಾವು ಹಳಿಯಲಾರೆವು. ಮುಂದೆ ಪ್ಲಸ್ ಟು ತರಗತಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾದಾಗ ಮಗು ತಡವರಿಸೀತೆಂಬ ಅಂಜಿಕೆ ನಿಜವಾದುದು. ಅದಕ್ಕೆ ಉತ್ತರ ಕನ್ನಡ ವಿಭಾಗದಲ್ಲೇ ಇಂಗ್ಲಿಷನ್ನು ಗಟ್ಟಿಯಾಗಿ ಕಲಿಸುವುದು. ಹತ್ತು ಮುಗಿಸಿದ ಮಕ್ಕಳಿಗೆ ರಜೆಯಲ್ಲಿ ಸೇತುಪಾಠ ನಡೆಸುವುದು. ಇದು ಸಂಘಗಳು ಮಾಡಬಹುದಾದ ಕೆಲಸ. ಮಾಯಿಪ್ಪಾಡಿಯ ಡಯಟ್‌ನಲ್ಲಿ ತರಬೇತಾದವರೂ, 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕಲಿತವರೂ ನಮ್ಮ ನಡುವೆಯೇ ಇದ್ದಾರೆ. ನಿವೃತ್ತ ಅಧ್ಯಾಪಕರಿಲ್ಲದ ಊರು ಇಲ್ಲಿ ಯಾವುದಿದೆ?

ಹೋಲಿಕೆ ಹೇಗಿರಬೇಕು

ಹಾಗಾದರೆ ಮೇ ತಿಂಗಳ ಪ್ರಶ್ನೆಗೆ ನಮ್ಮ ಉತ್ತರವೇನು? ಒಂದೇ ಒಂದು ಶಾಲೆಯ ಹೆಸರನ್ನು ನಾವು ಹೇಳುವುದಿಲ್ಲ. ಶಾಲೆಯ ಅಂಗಳಕ್ಕೆ ಹೋಗಿ ಕೆಲವು ಮಾತುಗಳನ್ನು ಕೇಳಿ ಎನ್ನುತ್ತೇವೆ. ಗಣಿತ, ವಿಜ್ಞಾನ, ಸಮಾಜ ಪಾಠಗಳನ್ನು ಕನ್ನಡದಲ್ಲಿ ಹೇಳಬಲ್ಲ ಅಧ್ಯಾಪಕರು ಇದ್ದಾರೆಯೇ? ಹುದ್ದೆಗಳು ತುಂಬಿವೆಯೇ, ಅಥವಾ ವರ್ಷದ ನಡುವೆ ದಿನಗೂಲಿಯವರು ಬಂದುಹೋಗುತ್ತಾರೆಯೇ? ವಾಚನಾಲಯದ ಕಪಾಟಿನ ಕೀಲಿಕೈ ಯಾರ ಬಳಿ ಇದೆ, ಕಪಾಟು ತೆರೆಯುವುದು ವಾರಕ್ಕೆ ಎಷ್ಟು ಸಲ? ಓದಿನಲ್ಲಿ ಹಿಂದುಳಿದ ಮಗುವನ್ನು ಸಂಜೆ ನಿಲ್ಲಿಸಿ ಕಲಿಸುತ್ತಾರೆಯೇ? ಎಂಟಕ್ಕೆ ಸೇರಿದವರಲ್ಲಿ ಹತ್ತನ್ನು ಮುಗಿಸುವವರು ಎಷ್ಟು? ಮಳೆಗಾಲದಲ್ಲಿ ಹೆಣ್ಣುಮಗು ಹೊಳೆ ದಾಟಿ ಸುರಕ್ಷಿತವಾಗಿ ಮನೆ ಸೇರುವ ದಾರಿ ಇದೆಯೇ? ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕನ್ನಡದಲ್ಲಿ ಎದ್ದು ಮಾತಾಡುವ ಹೆತ್ತವರು ಇದ್ದಾರೆಯೇ? ಈ ಕೊನೆಯ ಪ್ರಶ್ನೆ ಶಾಲೆಗಿಂತ ನಮಗೇ ಕೇಳಿದುದು.

ಮಿಶನ್ನಿನ ವ್ಯವಸ್ಥೆ, ಮಹಾಜನರ ಮಮತೆ, ಬೋರ್ಡಿನ ತೆರೆದ ಬಾಗಿಲು, ಈ ಮೂರನ್ನೂ ನಮ್ಮ ಹಿರಿಯರು ಒಂದು ಶತಮಾನದ ಶ್ರಮದಿಂದ ನಮಗೆ ಕೊಟ್ಟು ಹೋಗಿದ್ದಾರೆ. ಯಾವ ಶಾಲೆಯಲ್ಲಿ ಯಾವುದು ಕಡಿಮೆಯಾಗಿದೆಯೋ ಅದನ್ನು ತುಂಬಿಕೊಡುವುದಕ್ಕಾಗಿ ಹೋಲಿಸುವುದಾದರೆ ಹೋಲಿಕೆಗೆ ಅರ್ಥವಿದೆ. ಸಮ್ಮೇಳನದ ವೇದಿಕೆಯ ದೀಪ ನಂದಿದ ಮೇಲೂ ಜೂನ್ ಬರುತ್ತದೆ, ಆರನೆಯ ಕೆಲಸದ ದಿನವೂ ಬರುತ್ತದೆ. ಅಂದು ಹಾಜರಿಪುಸ್ತಕದಲ್ಲಿ ನಮ್ಮ ಮನೆಯ ಮಗುವಿನ ಹೆಸರು ಇರಲಿ ಎಂಬುದೇ ಸಂಘದ ಎಲ್ಲ ಕುಟುಂಬಗಳಲ್ಲಿ ನಮ್ಮ ಬಿನ್ನಹ.